ಕಿವುಡನಿಗೆ ಕೇಳಿಸದ ಬೈಗುಳ: ದಿನನಿತ್ಯದ ಬದುಕಿನಲ್ಲಿ ದೇವರ ಭಯಭಕ್ತಿ

ಸತ್ಯವೇದ ಓದುವವರಿಗೆ ಒಂದಲ್ಲ ಒಂದು ದಿನ ಈ ಗೊಂದಲ ಬಂದೇ ಬರುತ್ತದೆ. ಒಂದು ಪುಟದಲ್ಲಿ "ಭಯಪಡಬೇಡ" ಅಂತ ಇರುತ್ತದೆ. ನಾಲ್ಕು ಪುಟ ತಿರುವಿದರೆ "ದೇವರಿಗೆ ಭಯಪಡು" ಅಂತ ಇರುತ್ತದೆ. ಹಾಗಾದರೆ ಹೆದರಬೇಕಾ, ಬೇಡವಾ?

ವಿಮೋಚನಕಾಂಡದ 20ನೇ ಅಧ್ಯಾಯದಲ್ಲಂತೂ ಎರಡೂ ಒಂದೇ ವಚನದಲ್ಲಿ ಸಿಗುತ್ತವೆ. ಸೀನಾಯಿ ಬೆಟ್ಟದ ಮೇಲೆ ಗುಡುಗು, ಮಿಂಚು, ಹೊಗೆ, ತುತ್ತೂರಿಯ ಸದ್ದು. ಜನ ನಡುಗಿ ದೂರ ನಿಂತುಬಿಡುತ್ತಾರೆ. ನೀನೇ ನಮ್ಮ ಹತ್ತಿರ ಮಾತಾಡು, ದೇವರು ಮಾತಾಡುವುದು ಬೇಡ, ನಾವು ಸತ್ತೇ ಹೋಗ್ತೀವಿ ಅಂತ ಮೋಶೆಯನ್ನು ಬೇಡಿಕೊಳ್ಳುತ್ತಾರೆ. ಅದಕ್ಕೆ ಮೋಶೆ ಕೊಡುವ ಉತ್ತರ ನೋಡಿ: ಭಯಪಡಬೇಡಿ, ದೇವರು ಬಂದಿರುವುದು ನಿಮ್ಮನ್ನು ಪರೀಕ್ಷಿಸುವುದಕ್ಕೆ, ಅವರ ಭಯ ನಿಮ್ಮ ಕಣ್ಣ ಮುಂದೆ ಇದ್ದು ನೀವು ಪಾಪ ಮಾಡದಿರುವುದಕ್ಕೆ. ಒಂದು ಭಯ ಬಿಡಿ ಅನ್ನುತ್ತಾನೆ, ಒಂದೇ ಉಸಿರಿಗೆ ಇನ್ನೊಂದು ಭಯ ಇಟ್ಟುಕೊಳ್ಳಿ ಅಂತಲೂ ಅನ್ನುತ್ತಾನೆ.

ಈ ಎರಡು ಭಯಗಳ ವ್ಯತ್ಯಾಸ ಗೊತ್ತಾದರೆ ಅರ್ಧ ವಿಷಯ ಗೊತ್ತಾದ ಹಾಗೆ. ಇನ್ನರ್ಧ ಇರುವುದು, ಈ ಭಯಭಕ್ತಿ ಎಲ್ಲಿ ಕಾಣಿಸಬೇಕು ಅನ್ನುವುದರಲ್ಲಿ. ನಾವು ಸಾಮಾನ್ಯವಾಗಿ ಅದನ್ನು ಹುಡುಕುವುದು ಚರ್ಚಿನ ಒಳಗೆ: ಯಾರು ಎಷ್ಟು ಹೊತ್ತು ಮೊಣಕಾಲೂರಿದರು, ಯಾರ ಕಣ್ಣಲ್ಲಿ ನೀರು ಬಂತು, ಯಾರು ತಲೆ ತಗ್ಗಿಸಿ ಕೂತರು. ಸತ್ಯವೇದ ಅದನ್ನು ಹುಡುಕುವುದು ಜಾಸ್ತಿ ಬೇರೆ ಕಡೆ. ಅದು ಎಲ್ಲಿ ಅಂತ ಹೇಳುವುದೇ ಈ ಲೇಖನದ ಕೆಲಸ, ಆದರೆ ಅಲ್ಲಿಗೆ ಹೋಗುವ ಮೊದಲು ಭಯದ ಗೊಂದಲ ಬಿಡಿಸಿಕೊಳ್ಳೋಣ.

ದೂರ ಓಡಿಸುವ ಭಯ, ಹತ್ತಿರ ಎಳೆಯುವ ಭಯ

ಮೊದಲನೇ ಭಯ ಆದಾಮನದು. ತೋಟದಲ್ಲಿ ದೇವರ ಸಪ್ಪಳ ಕೇಳಿದ, ಹೆದರಿದ, ಮರಗಳ ಮರೆಯಲ್ಲಿ ಅಡಗಿಕೊಂಡ. ಈ ಭಯದ ಗುರುತು ಇಷ್ಟೇ, ಅದು ಮನುಷ್ಯನನ್ನು ದೇವರಿಂದ ದೂರ ಓಡಿಸುತ್ತದೆ. ಎರಡನೇ ಭಯ ಇದಕ್ಕೆ ತದ್ವಿರುದ್ಧ. ನಾಲ್ಕು-ಐದನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಅಗಸ್ಟೀನ್, ಯೋಹಾನನ ಮೊದಲನೇ ಪತ್ರದ ಬಗ್ಗೆ ಪ್ರಸಂಗ ಮಾಡುವಾಗ ಇದನ್ನು ಇಬ್ಬರು ಹೆಂಡತಿಯರ ಉದಾಹರಣೆ ಕೊಟ್ಟು ವಿವರಿಸಿದರು. ಗಂಡನಿಗೆ ಮೋಸ ಮಾಡುತ್ತಿರುವವಳಿಗೂ ಭಯ ಇರುತ್ತದೆ, ಗಂಡನನ್ನು ಪ್ರೀತಿಸುವವಳಿಗೂ ಭಯ ಇರುತ್ತದೆ. ಮೊದಲನೆಯವಳ ಭಯ, ಎಲ್ಲಿ ಬಂದುಬಿಡುತ್ತಾನೋ ಅಂತ. ಎರಡನೆಯವಳ ಭಯ, ಎಲ್ಲಿ ಬಿಟ್ಟು ಹೋಗಿಬಿಡುತ್ತಾನೋ ಅಂತ. ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

"ಪರಿಪೂರ್ಣವಾದ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ" ಅಂತ ಯೋಹಾನ ಬರೆದದ್ದು (1 ಯೋಹಾನ 4:18) ಮೊದಲನೇ ಭಯದ ಬಗ್ಗೆ. ಅದು ಶಿಕ್ಷೆಯ ಭಯ ಅಂತ ಅದೇ ವಚನದಲ್ಲಿ ಬಿಡಿಸಿ ಹೇಳಿದ್ದಾನೆ. ಪೌಲನೂ ರೋಮಾಪುರದವರಿಗೆ ಬರೆಯುತ್ತಾ, ನಿಮಗೆ ಸಿಕ್ಕಿರುವುದು ಮತ್ತೆ ಹೆದರಿಸುವ ದಾಸತ್ವದ ಆತ್ಮವಲ್ಲ, "ಅಪ್ಪಾ, ತಂದೆಯೇ" ಅಂತ ಕೂಗಿಸುವ ಮಗತನದ ಆತ್ಮ ಅನ್ನುತ್ತಾನೆ. ಹಾಗಾದರೆ ಕಥೆ ಮುಗಿಯಿತಲ್ಲ, ತಂದೆಯ ಹತ್ತಿರ ಭಯ ಯಾಕೆ ಅಂತ ಕೇಳಬಹುದು. ಆದರೆ ಪೇತ್ರ ಸರಿಯಾಗಿ ತಿರುವಿ ಹೇಳುತ್ತಾನೆ: ಪಕ್ಷಪಾತ ಇಲ್ಲದೆ ತೀರ್ಪು ಮಾಡುವವರನ್ನು ನೀವು ತಂದೆ ಅಂತ ಕರೆಯುತ್ತೀರಲ್ಲ, ಹಾಗಾದರೆ ಭಯದಿಂದ ನಡೆದುಕೊಳ್ಳಿ (1 ಪೇತ್ರ 1:17). ತಂದೆ ಅನ್ನುವುದು ಭಯಕ್ಕೆ ರಜೆ ಕೊಡುವ ಕಾರಣ ಅಲ್ಲ, ಭಯಭಕ್ತಿಗೆ ಇರುವ ಕಾರಣವೇ ಅದು.

130ನೇ ಕೀರ್ತನೆಯಲ್ಲಿ ಇನ್ನೂ ಆಶ್ಚರ್ಯದ ಮಾತಿದೆ. ನಿನ್ನಲ್ಲಿ ಕ್ಷಮೆ ಇದೆ, ಆದ್ದರಿಂದ ಜನ ನಿನಗೆ ಭಯಪಡುತ್ತಾರೆ ಅನ್ನುತ್ತದೆ ನಾಲ್ಕನೇ ವಚನ. ನಮ್ಮ ಲೆಕ್ಕದಲ್ಲಿ ಶಿಕ್ಷೆ ಕೊಡುವವರನ್ನು ಕಂಡರೆ ಭಯ, ಕ್ಷಮಿಸುವವರ ಹತ್ತಿರ ಸಲಿಗೆ. ಇಲ್ಲಿ ಕ್ಷಮೆಯಿಂದಲೇ ಭಯ ಹುಟ್ಟುತ್ತದೆ. ನನ್ನ ಪೂರ್ತಿ ಲೆಕ್ಕ ಗೊತ್ತಿದ್ದವರು ನನ್ನನ್ನು ಬಿಟ್ಟುಕೊಡಲಿಲ್ಲ ಅಂದಾಗ ಆಗುವ ನಡುಕ ಅದು. ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲೂ ಇದೇ ತರಹದ್ದು ನಡೆಯುತ್ತದೆ. ಬಿರುಗಾಳಿ ಬೀಸುವಾಗ ಶಿಷ್ಯರಿಗೆ ಹೆದರಿಕೆ ಇತ್ತು, ಸರಿ. ಆದರೆ ಅವರು "ಬಹಳವಾಗಿ ಹೆದರಿದರು" ಅಂತ ಮಾರ್ಕ ಬರೆಯುವುದು ಗಾಳಿ ನಿಂತು ನೀರು ಶಾಂತವಾದ ಮೇಲೆ. ಅಪಾಯ ಹೋಗಿದೆ, ಭಯ ಜಾಸ್ತಿಯಾಗಿದೆ. ದೋಣಿಯಲ್ಲಿ ತಮ್ಮ ಪಕ್ಕ ಕೂತಿರುವವರು ಯಾರು ಅಂತ ಆಗ ತಾನೇ ಅವರಿಗೆ ಹೊಳೆಯುತ್ತಿದೆ.

ಇತಿಹಾಸದಲ್ಲಿ ಈ ಎರಡೂ ಭಯಗಳನ್ನು ಮೈಮೇಲೆ ಎಳೆದುಕೊಂಡವರು 16ನೇ ಶತಮಾನದ ಜರ್ಮನ್ ಸಭಾ ಸುಧಾರಕ ಮಾರ್ಟಿನ್ ಲೂಥರ್. ಮಠದಲ್ಲಿ ಸನ್ಯಾಸಿಯಾಗಿದ್ದಾಗ ಒಂದು ಪಾಪವೂ ಬಿಟ್ಟುಹೋಗಬಾರದು ಅಂತ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಗುರುಗಳನ್ನೇ ಸುಸ್ತು ಮಾಡಿದ ಮನುಷ್ಯ. ಕೃಪೆ ಅಂದರೆ ಏನು ಅಂತ ಗೊತ್ತಾದ ಮೇಲೆ ಆ ಹೆದರಿಕೆ ಬಿಟ್ಟುಹೋಯಿತು. ಆದರೆ 1529ರಲ್ಲಿ ಮನೆಮಂದಿಗೆ ಕಲಿಸಲು ಅವರು ಬರೆದ ಕಿರು ಪ್ರಶ್ನೋತ್ತರ ಪುಸ್ತಕದಲ್ಲಿ ಹತ್ತು ಆಜ್ಞೆಗಳ ವಿವರಣೆ ಶುರುವಾಗುವುದು ಹೇಗೆ ಗೊತ್ತಾ? ನಾವು ದೇವರಿಗೆ ಭಯಪಡಬೇಕು, ಅವರನ್ನು ಪ್ರೀತಿಸಬೇಕು ಅಂತ. ಒಂದೊಂದು ಆಜ್ಞೆಗೂ ಇದೇ ಆರಂಭ. ಹೆದರಿಕೆಯಿಂದ ಅಷ್ಟು ನರಳಿದವರು ಭಯ ಅನ್ನುವ ಮಾತನ್ನೇ ಕಿತ್ತೆಸೆಯಬಹುದಿತ್ತು, ಎಸೆಯಲಿಲ್ಲ. ಪ್ರೀತಿಯ ಪಕ್ಕದಲ್ಲಿ ತಂದು ಕೂರಿಸಿದರು.

ಇತ್ತೀಚೆಗೆ ಕೆಲವರು "ದೇವರ ಭಯ ಅಂದ್ರೆ ಸುಮ್ನೆ ಗೌರವ ಅಷ್ಟೇ" ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಇದು ಸಾಲದು ಅನ್ನಿಸುತ್ತದೆ. ಗೌರವ ನಾವು ಮೇಷ್ಟರಿಗೂ ಕೊಡುತ್ತೇವೆ, ಡಾಕ್ಟರಿಗೂ ಕೊಡುತ್ತೇವೆ. ಉಜ್ಜೀಯ ರಾಜ ಸತ್ತ ವರ್ಷ ಯೆಶಾಯ ದೇವಾಲಯದಲ್ಲಿ ಕಂಡದ್ದಕ್ಕೆ ಆ ಮಾತು ಹೊಂದುತ್ತದಾ? ಆರು ರೆಕ್ಕೆಯ ಸೆರಾಫಿಯರು ಎಂಬ ದೇವದೂತರು ಎರಡು ರೆಕ್ಕೆಗಳಿಂದ ಮುಖ ಮುಚ್ಚಿಕೊಂಡಿದ್ದಾರೆ, ಎರಡರಿಂದ ಕಾಲು ಮುಚ್ಚಿಕೊಂಡಿದ್ದಾರೆ, ಎರಡರಿಂದ ಹಾರುತ್ತಿದ್ದಾರೆ. ಪಾಪವೇ ಇಲ್ಲದವರಿಗೂ ನೇರವಾಗಿ ನೋಡಲು ಆಗುತ್ತಿಲ್ಲ. ಪ್ರವಾದಿಯ ಬಾಯಲ್ಲಿ ಬರುವುದು "ಅಯ್ಯೋ, ನನ್ನ ಗತಿ ಏನು" ಅನ್ನುವ ಮಾತು. ನಮ್ಮ ದೇವರು ದಹಿಸುವ ಬೆಂಕಿ ಅಂತ ಇಬ್ರಿಯರಿಗೆ ಬರೆದ ಪತ್ರ ಹೇಳುವುದು ಹೊಸ ಒಡಂಬಡಿಕೆಯ ಸಭೆಗೆ, ಕೃಪೆ ಸಿಕ್ಕಿದವರಿಗೆ. ಇದನ್ನು ತೆಳ್ಳಗೆ ಮಾಡಿದರೆ ಉಳಿಯುವುದು ಬರೀ ಮರ್ಯಾದೆ.

ಉಜ್ಜನ ಕೈ, ದಾವೀದನ ಕುಣಿತ

ಭಯಭಕ್ತಿ ಅಂದರೆ ಮೌನವಾಗಿರುವುದು, ಮೆಲ್ಲಗೆ ನಡೆಯುವುದು, ಗಂಭೀರ ಮುಖ ಹೊತ್ತುಕೊಳ್ಳುವುದು ಅಂತ ನಂಬಿದವರು 2 ಸಮುವೇಲ 6ನೇ ಅಧ್ಯಾಯ ಓದಬೇಕು. ಅಲ್ಲಿ ದೇವರ ಮಂಜೂಷವನ್ನು, ಅಂದರೆ ದೇವರ ಸನ್ನಿಧಿಯ ಗುರುತಾಗಿದ್ದ ಪವಿತ್ರ ಪೆಟ್ಟಿಗೆಯನ್ನು, ಹೊಸ ಬಂಡಿಯ ಮೇಲೆ ತರುತ್ತಿದ್ದಾರೆ. ಎತ್ತುಗಳು ಎಡವುತ್ತವೆ. ಉಜ್ಜ ಕೈ ಚಾಚಿ ಮಂಜೂಷವನ್ನು ಹಿಡಿಯುತ್ತಾನೆ, ಅಲ್ಲೇ ಸಾಯುತ್ತಾನೆ. ಓದಿದಾಗ ಅನ್ಯಾಯ ಅನ್ನಿಸುತ್ತದೆ. ದಾವೀದನಿಗೂ ಹಾಗೇ ಅನ್ನಿಸಿತು, ಸಿಟ್ಟೂ ಬಂತು, ಭಯವೂ ಆಯಿತು.

ಹಿನ್ನೆಲೆ ನೋಡಿದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ. ಮಂಜೂಷವನ್ನು ದೇವರ ಸೇವೆಗೆ ನೇಮಕವಾದ ಕುಲದ ಲೇವಿಯರು ಕೋಲುಗಳಿಂದ ಹೆಗಲ ಮೇಲೆ ಹೊರಬೇಕು, ಮುಟ್ಟಬಾರದು ಅಂತ ಅರಣ್ಯಕಾಂಡದಲ್ಲೇ ಹೇಳಿತ್ತು. ಬಂಡಿಯ ಐಡಿಯಾ ಇಸ್ರಾಯೇಲಿನ ಶತ್ರುಗಳಾದ ಫಿಲಿಷ್ಟಿಯರದು. ಉಜ್ಜ ಅಬೀನಾದಾಬನ ಮನೆತನದವನು, ಮಂಜೂಷ ವರ್ಷಾನುಗಟ್ಟಲೆ ಇದ್ದದ್ದು ಅವರ ಮನೆಯಲ್ಲೇ. ಸತ್ಯವೇದ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವುದಿಲ್ಲ, ಆದರೆ ದಿನಾ ನೋಡಿ ನೋಡಿ ಅಭ್ಯಾಸವಾದ ವಸ್ತುವಿನ ಮೇಲೆ ಕೈ ಹೋಗುವುದು ಸುಲಭ ಅಂತ ಊಹಿಸುವುದು ಕಷ್ಟವೇನಲ್ಲ. ಸಭೆಯಲ್ಲಿ ಹುಟ್ಟಿ ಬೆಳೆದವರಿಗೆ, ಅದರಲ್ಲೂ ಸೇವೆ ಮಾಡುವವರಿಗೆ, ಈ ಅಪಾಯ ಜಾಸ್ತಿ. ಮೈಕ್ ಸರಿ ಮಾಡುವುದು, ಹಾಡು ಆರಿಸುವುದು, ರೊಟ್ಟಿ ದ್ರಾಕ್ಷಾರಸ ಸಿದ್ಧ ಮಾಡುವುದು, ಇದೆಲ್ಲ ಕೈಗೆ ಎಷ್ಟು ಅಭ್ಯಾಸವಾಗುತ್ತದೆ ಅಂದರೆ ಯಾರಿಗಾಗಿ ಮಾಡುತ್ತಿದ್ದೇವೆ ಅನ್ನುವುದೇ ಮರೆಯುತ್ತದೆ.

ಆದರೆ ಅದೇ ಅಧ್ಯಾಯ ಮುಂದೆ ಓದಿ. ಮೂರು ತಿಂಗಳಾದ ಮೇಲೆ ಮಂಜೂಷವನ್ನು ಹೊತ್ತುಕೊಂಡೇ ತರುತ್ತಾರೆ. ದಾವೀದ ತನ್ನ ಪೂರ್ತಿ ಬಲದಿಂದ ಕುಣಿಯುತ್ತಾನೆ, ಕೂಗಾಟ, ತುತ್ತೂರಿ. ಕಿಟಕಿಯಿಂದ ನೋಡಿದ ಹೆಂಡತಿ ಮೀಕಲಳಿಗೆ ಮನಸ್ಸಿನಲ್ಲೇ ತಿರಸ್ಕಾರ ಹುಟ್ಟುತ್ತದೆ, ರಾಜನಿಗೆ ಇದು ತಕ್ಕದ್ದಾ ಅಂತ. ಕಥೆ ಕುಣಿದವನ ಪಕ್ಷ ಹಿಡಿಯುತ್ತದೆ, ಘನತೆ ಕಾಪಾಡಲು ಹೋದವಳ ಪಕ್ಷ ಅಲ್ಲ. ಅಂದ ಮೇಲೆ ಭಯಭಕ್ತಿಯನ್ನು ಸದ್ದಿನ ಪ್ರಮಾಣದಿಂದ ಅಳೆಯಲು ಆಗುವುದಿಲ್ಲ. ಕಥೋಲಿಕರು ಒಂದು ಮೊಣಕಾಲು ನೆಲಕ್ಕೆ ಊರುತ್ತಾರೆ, ಆರ್ಥೊಡಾಕ್ಸ್ ಕ್ರೈಸ್ತರು ಹಣೆ ನೆಲಕ್ಕೆ ಮುಟ್ಟುವಂತೆ ಬಾಗುತ್ತಾರೆ, ಕ್ವೇಕರರು ಮಾತೇ ಆಡದೆ ಕೂರುತ್ತಾರೆ, ಪೆಂತೆಕೋಸ್ತಿನವರು ಕೈ ಎತ್ತಿ ಜೋರಾಗಿ ಸ್ತುತಿಸುತ್ತಾರೆ. ಒಬ್ಬರು ಇನ್ನೊಬ್ಬರನ್ನು ನೋಡಿ "ಇವರಿಗೆ ದೇವರ ಭಯವೇ ಇಲ್ಲ" ಅನ್ನುವುದು ಬಹಳ ಹಳೆಯ ಚಾಳಿ, ಮೀಕಲಳ ಕಾಲದ್ದು.

ಯಾರಿಗೂ ಗೊತ್ತಾಗದ ಜಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಯಾಜಕಕಾಂಡ ಅಂದರೆ ಬಹಳ ಜನ ದಾಟಿಕೊಂಡು ಹೋಗುವ ಪುಸ್ತಕ, ಬಲಿ, ರಕ್ತ, ಮೈಲಿಗೆಯ ನಿಯಮ ಅಂತ. ಅದರಲ್ಲಿ "ನಿನ್ನ ದೇವರಿಗೆ ಭಯಪಡು" ಅನ್ನುವ ಮಾತು ಐದು ಕಡೆ ಬರುತ್ತದೆ. ಅದು ಬಲಿಪೀಠದ ಹತ್ತಿರ, ಧೂಪದ ಹತ್ತಿರ ಬರಬಹುದು ಅಂದುಕೊಳ್ಳುತ್ತೇವೆ ಅಲ್ವಾ? ಬರುವುದು ಇಲ್ಲಿ: ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಎಡವುವ ಕಲ್ಲು ಇಡಬೇಡ, ನಿನ್ನ ದೇವರಿಗೆ ಭಯಪಡು (19:14). ತಲೆ ನರೆತವರ ಮುಂದೆ ಎದ್ದು ನಿಲ್ಲು, ನಿನ್ನ ದೇವರಿಗೆ ಭಯಪಡು (19:32). ಜಮೀನಿನ ವ್ಯವಹಾರದಲ್ಲಿ ಒಬ್ಬರಿಗೊಬ್ಬರು ಮೋಸ ಮಾಡಬೇಡಿ (25:17). ಬಡವನಾಗಿ ಹೋದ ಸಹೋದರನಿಂದ ಬಡ್ಡಿ ಕೀಳಬೇಡ (25:36). ನಿನ್ನ ಕೈಕೆಳಗೆ ದುಡಿಯುವವನ ಮೇಲೆ ಕ್ರೂರವಾಗಿ ದೊರೆತನ ಮಾಡಬೇಡ (25:43).

ಮೊದಲನೆಯದನ್ನು ಸ್ವಲ್ಪ ನಿಧಾನವಾಗಿ ನೋಡಿ. ಕಿವುಡನನ್ನು ಬೈದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವನಿಗೆ ಕೇಳಿಸುವುದೇ ಇಲ್ಲ, ಮನಸ್ಸಿಗೆ ನೋವಾಗುವುದೂ ಇಲ್ಲ. ಕುರುಡ ಎಡವಿ ಬಿದ್ದರೂ ಕಲ್ಲು ಇಟ್ಟವರು ಯಾರು ಅಂತ ಅವನಿಗೆ ತಿಳಿಯುವುದಿಲ್ಲ. ಸಾಕ್ಷಿ ಇಲ್ಲ, ದೂರು ಇಲ್ಲ, ವಿಚಾರಣೆ ಇಲ್ಲ. ಕಾನೂನು ಕೈ ಚಾಚಿದರೂ ಎಟುಕದ ಜಾಗ ಅದು. ಎದುರಿಗಿರುವವರು ತಿರುಗಿಸಿ ಮಾತಾಡಲಾರರು, ನೋಡಿದವರು ಯಾರೂ ಇಲ್ಲ. ಅಂಥ ಕಡೆ ದೇವರ ಭಯ ಬಂದು ನಿಲ್ಲಬೇಕು ಅನ್ನುತ್ತದೆ ಈ ವಚನ. 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ, ಇಲ್ಲಿ ಕುರುಡ ಅಂದರೆ ಒಂದು ವಿಷಯದಲ್ಲಿ ತಿಳಿವಳಿಕೆ ಇಲ್ಲದವನೂ ಹೌದು ಅನ್ನುತ್ತಾರೆ. ಹೊಲ ಮಾರಿ ಕತ್ತೆ ಕೊಂಡುಕೋ ಅಂತ ಅವನಿಗೆ ಬುದ್ಧಿ ಹೇಳಿ, ಆಮೇಲೆ ಆ ಹೊಲವನ್ನು ತಾನೇ ಲಪಟಾಯಿಸುವವನು ಕಲ್ಲಿಟ್ಟ ಹಾಗೆ. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದನೋ ಕೆಟ್ಟ ಮನಸ್ಸಿನಿಂದಲೋ ಅಂತ ಜನಕ್ಕೆ ಗೊತ್ತಾಗುವುದಿಲ್ಲ, ಅದಕ್ಕೇ ಮನಸ್ಸು ಬಲ್ಲ ದೇವರಿಗೆ ಭಯಪಡು ಅಂತ ಹೇಳಿದೆ ಅನ್ನುವುದು ಅವರ ವಿವರಣೆ.

ಇದನ್ನು ಇವತ್ತಿಗೆ ತಂದುಕೊಳ್ಳಲು ಬಹಳ ಕಷ್ಟಪಡಬೇಕಿಲ್ಲ. ಒಬ್ಬರನ್ನು ಬಿಟ್ಟು ಮಾಡಿಕೊಂಡ ವಾಟ್ಸಾಪ್ ಗುಂಪಿನಲ್ಲಿ ಅವರ ಬಗ್ಗೆ ಆಡುವ ಮಾತು ಕಿವುಡನಿಗೆ ಬೈದ ಮಾತೇ. ಹೆಸರು ಮುಚ್ಚಿಟ್ಟು ಹಾಕುವ ಕಾಮೆಂಟು ಕೂಡ. ಕಾಗದ ಪತ್ರ ಅರ್ಥವಾಗದ ವಯಸ್ಸಾದವರ ಹತ್ತಿರ "ಇಲ್ಲಿ ಸೈನ್ ಹಾಕಿ, ಅಷ್ಟೇ" ಅನ್ನುವುದು, ಗಾಡಿಯ ದೋಷ ಗೊತ್ತಿದ್ದೂ ಬಾಯಿ ಬಿಡದೆ ಮಾರುವುದು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರ ಹಕ್ಕು ಏನು ಅಂತ ತಿಳಿಯದ ಹಾಗೆ ನೋಡಿಕೊಳ್ಳುವುದು, ಇವೆಲ್ಲ ದಾರಿಯಲ್ಲಿಟ್ಟ ಕಲ್ಲುಗಳು. ಭಾನುವಾರ ಆರಾಧನೆಯಲ್ಲಿ ಕಣ್ಣು ಮುಚ್ಚಿ ಕೈ ಎತ್ತಿದವರೇ ಸೋಮವಾರ ಇದನ್ನು ಮಾಡುವುದು ಸಾಧ್ಯ. ಬಹಳ ಸಾಧ್ಯ. ಅದರಲ್ಲಿ ಅವರಿಗೆ ವಿರೋಧಾಭಾಸವೇ ಕಾಣಿಸುವುದಿಲ್ಲ, ಯಾಕೆಂದರೆ ಭಯಭಕ್ತಿ ಅಂದರೆ ಚರ್ಚಿನ ಒಳಗೆ ಮನಸ್ಸಿಗೆ ಆಗುವ ಒಂದು ಅನುಭವ ಅಂತ ಅವರು ಕಲಿತಿದ್ದಾರೆ.

ಸತ್ಯವೇದದಲ್ಲಿ "ನಾನು ದೇವರಿಗೆ ಭಯಪಡುವವನು" ಅನ್ನುವ ಮಾತು ಯಾರ ಬಾಯಲ್ಲಿ, ಯಾವಾಗ ಬರುತ್ತದೆ ಅಂತ ಒಮ್ಮೆ ಹುಡುಕಿ ನೋಡಿ. ಐಗುಪ್ತದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫ ಅದನ್ನು ಹೇಳುವುದು, ತನ್ನನ್ನು ಮಾರಿದ ಅಣ್ಣಂದಿರು ತನ್ನ ಗುರುತು ಸಿಗದೆ ತನ್ನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಗ. ಆಗ ಅವನು ಏನು ಮಾಡಿದರೂ ಐಗುಪ್ತದಲ್ಲಿ ಕೇಳುವವರಿರಲಿಲ್ಲ. ಇಬ್ರಿಯರ ಗಂಡು ಮಕ್ಕಳನ್ನು ಹುಟ್ಟುತ್ತಲೇ ಕೊಂದುಬಿಡಿ ಅಂತ ಫರೋಹ ಅಪ್ಪಣೆ ಕೊಟ್ಟಾಗ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ಕೊಲ್ಲಲಿಲ್ಲ. ಕಾರಣ ಒಂದೇ ಸಾಲಿನಲ್ಲಿದೆ, ಅವರು ದೇವರಿಗೆ ಭಯಪಟ್ಟರು. ನೆಹೆಮೀಯನದು ನನಗೆ ಬಹಳ ಇಷ್ಟವಾದ ಉದಾಹರಣೆ. ಅವನು ಯೆಹೂದದ ಅಧಿಪತಿಯಾಗಿದ್ದ 12 ವರ್ಷ, ಅಧಿಪತಿಗೆ ಸಲ್ಲುವ ಆಹಾರದ ಭತ್ಯೆಯನ್ನು ತೆಗೆದುಕೊಳ್ಳಲಿಲ್ಲ. ಹಿಂದಿನವರು ಜನರಿಂದ ರೊಟ್ಟಿ, ದ್ರಾಕ್ಷಾರಸ, ಅದರ ಮೇಲೆ 40 ಶೆಕೆಲ್ ಬೆಳ್ಳಿ ವಸೂಲಿ ಮಾಡುತ್ತಿದ್ದರು, ಅವರ ಆಳುಗಳೂ ಜನರ ಮೇಲೆ ದರ್ಬಾರು ಮಾಡುತ್ತಿದ್ದರು. ನಾನಾದರೋ ದೇವರ ಭಯದಿಂದ ಹಾಗೆ ಮಾಡಲಿಲ್ಲ ಅನ್ನುತ್ತಾನೆ. ಭತ್ಯೆ ತೆಗೆದುಕೊಂಡಿದ್ದರೆ ಅದು ಕಳ್ಳತನವೇನೂ ಆಗುತ್ತಿರಲಿಲ್ಲ. ಜನಕ್ಕೆ ಹೊರೆ ಜಾಸ್ತಿ ಇತ್ತು, ಅದಕ್ಕೇ ಬಿಟ್ಟ.

ಇದರ ಉಲ್ಟಾ ಚಿತ್ರ ಲೂಕ 18ರಲ್ಲಿ ಯೇಸು ಹೇಳಿದ ಸಾಮ್ಯದಲ್ಲಿದೆ. ಒಬ್ಬ ನ್ಯಾಯಾಧಿಪತಿ, ದೇವರಿಗೆ ಹೆದರದವನು, ಮನುಷ್ಯರನ್ನು ಲಕ್ಷ್ಯ ಮಾಡದವನು. ಎರಡನ್ನೂ ಜೊತೆಗೇ ಹೇಳಿದ್ದಾರೆ. ಅವನ ಬಾಗಿಲಲ್ಲಿ ನಿಂತಿರುವವಳು ಒಬ್ಬ ವಿಧವೆ. ಕೊರಿಂಥದ ಸಭೆಯಲ್ಲೂ ಇದೇ ರೋಗ. ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು ಅಮಲೇರಿ ಕೂತಿದ್ದರು, ಇಲ್ಲದವರು ಹಸಿದೇ ಇದ್ದರು. ಅಯೋಗ್ಯವಾಗಿ ರೊಟ್ಟಿ ತಿನ್ನುವುದರ ಬಗ್ಗೆ ಪೌಲ ಬರೆದ ಆ ಗಂಭೀರ ಎಚ್ಚರಿಕೆಯನ್ನು ನಾವು ಪವಿತ್ರ ಭೋಜನದ ದಿನ ಓದುತ್ತೇವಲ್ಲ, ಅದು ಹುಟ್ಟಿದ್ದು ಈ ಗಲಾಟೆಯಿಂದ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಅವನು ನೇರವಾಗಿ ಕೇಳುತ್ತಾನೆ. ರೊಟ್ಟಿಯನ್ನು ಎಷ್ಟು ಜೋಪಾನವಾಗಿ ಹಿಡಿದುಕೊಂಡರೂ ಪಕ್ಕದಲ್ಲಿ ಕೂತವರನ್ನು ಕಡೆಗಣಿಸಿದರೆ ಅದು ಭಯಭಕ್ತಿ ಅನ್ನಿಸಿಕೊಳ್ಳುವುದಿಲ್ಲ.

ಬಾಯಿಗೆ ಬಂದ ಹಾಗೆ ದೇವರ ಹೆಸರು

ಮೂರನೇ ಆಜ್ಞೆ (ಕಥೋಲಿಕರ ಮತ್ತು ಲೂಥರನ್ನರ ಎಣಿಕೆಯಲ್ಲಿ ಎರಡನೆಯದು) ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು ಅನ್ನುತ್ತದೆ. ಇದನ್ನು ಬರೀ ಬೈಗುಳಕ್ಕೆ, ಆಣೆ ಇಡುವುದಕ್ಕೆ ಸೀಮಿತ ಮಾಡಿಕೊಂಡಿದ್ದೇವೆ. ಆಣೆಯ ವಿಷಯ ಯೇಸು ಮತ್ತಾಯ 5ರಲ್ಲಿ ಮುಗಿಸಿದ್ದಾರೆ: ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ. ಆದರೆ ಸಭೆಗಳಲ್ಲಿ ಈ ಆಜ್ಞೆ ಮುರಿಯುವುದು ಹೆಚ್ಚಾಗಿ ಬೇರೆ ರೀತಿ. "ದೇವರು ನನಗೆ ಹೇಳಿದರು" ಅಂತ ಒಬ್ಬರು ಮೀಟಿಂಗಿನಲ್ಲಿ ಹೇಳಿಬಿಟ್ಟರೆ ಮುಗಿಯಿತು, ಅದಕ್ಕೆ ಎದುರು ಮಾತಾಡುವವರು ದೇವರ ವಿರೋಧಿಗಳಾಗಿಬಿಡುತ್ತಾರೆ. ತನ್ನ ಇಷ್ಟವನ್ನು ದೇವರ ಸಹಿ ಹಾಕಿ ಕಳಿಸುವುದು ಇದು. ನನಗಂತೂ ಬಾಯಿ ತಪ್ಪಿ ಬರುವ ಬೈಗುಳಕ್ಕಿಂತ ಇದು ದೊಡ್ಡ ಅಪರಾಧ ಅನ್ನಿಸುತ್ತದೆ.

ಇನ್ನೊಂದು, ಪ್ರಾರ್ಥನೆಯ ವೇಷದಲ್ಲಿ ಬರುವ ಚಾಡಿ. "ಅವರ ಮನೆ ವಿಷಯ ಹೇಳಬಾರದು, ಆದರೂ ಪ್ರಾರ್ಥನೆ ಮಾಡೋಕೆ ಅಂತ ಹೇಳ್ತಿದ್ದೀನಿ" ಅಂತ ಶುರುವಾಗುತ್ತದೆ. ಗೊತ್ತಲ್ವಾ, ಮುಂದಿನದು. ಯಾಕೋಬ ತನ್ನ ಪತ್ರದ ಮೂರನೇ ಅಧ್ಯಾಯದಲ್ಲಿ ಇದೇ ಬಾಯಿಯ ಬಗ್ಗೆ ಹೇಳುವುದು, ಅದೇ ನಾಲಿಗೆಯಿಂದ ತಂದೆಯನ್ನು ಕೊಂಡಾಡುತ್ತೇವೆ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುತ್ತೇವೆ. ಮನುಷ್ಯನ ಮೇಲೆ ದೇವರ ಹೋಲಿಕೆ ಇದೆ ಅಂದ ಮೇಲೆ ಅವನ ಬಗ್ಗೆ ಆಡುವ ಮಾತು ದೇವರನ್ನು ಮುಟ್ಟದೆ ಹೋಗುವುದಿಲ್ಲ.

ಪ್ರಾರ್ಥನೆಗೆ ನಿಂತಾಗ

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಮೊದಲ ಮಾತು ತಂದೆ, ಮೊದಲ ಬೇಡಿಕೆ ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ ಅಂತ. ದಿನದ ರೊಟ್ಟಿ ಬರುವುದು ಆಮೇಲೆ. ನಮ್ಮ ಪ್ರಾರ್ಥನೆಯಲ್ಲಿ ಸಾಮಾನ್ಯವಾಗಿ ರೊಟ್ಟಿಯೇ ಮೊದಲು, ಮಧ್ಯದಲ್ಲೂ ಅದೇ, ಕೊನೆಗೂ ಅದೇ. ಕೇಳುವುದು ತಪ್ಪಲ್ಲ, ಕೃಪಾಸನದ ಹತ್ತಿರ ಧೈರ್ಯವಾಗಿ ಬನ್ನಿ ಅಂತಲೇ ಇಬ್ರಿಯರ ಪತ್ರ ಕರೆಯುತ್ತದೆ. ಆದರೆ ಬಂದಿರುವುದು ಸಿಂಹಾಸನದ ಹತ್ತಿರ ಅನ್ನುವುದು ನೆನಪಿರಬೇಕು.

ಪ್ರಸಂಗಿಯ ಐದನೇ ಅಧ್ಯಾಯದ ಸಲಹೆ ಚೆನ್ನಾಗಿದೆ. ದೇವರು ಪರಲೋಕದಲ್ಲಿದ್ದಾರೆ, ನೀನು ಭೂಮಿಯ ಮೇಲಿದ್ದೀಯ, ನಿನ್ನ ಮಾತು ಕಡಿಮೆ ಇರಲಿ. ಆರನೇ ಶತಮಾನದಲ್ಲಿ ಮಠಗಳಿಗೆ ನಿಯಮ ಬರೆದ ಬೆನೆಡಿಕ್ಟ್ ಕೂಡ ಪ್ರಾರ್ಥನೆಯ ಭಯಭಕ್ತಿಯ ಬಗ್ಗೆ ಬರೆಯುತ್ತಾ, ಮಾತು ಜಾಸ್ತಿಯಾದರೆ ಕೇಳಿಸುವುದಿಲ್ಲ, ಪ್ರಾರ್ಥನೆ ಚಿಕ್ಕದಾಗಿ ಶುದ್ಧವಾಗಿ ಇರಲಿ ಅಂದರು. ಉದ್ದ ಪ್ರಾರ್ಥನೆಯೇ ಆತ್ಮಿಕ ಅಂದುಕೊಂಡವರಿಗೆ ಸ್ವಲ್ಪ ಇರುಸುಮುರುಸಾಗಬಹುದು. ಯೇಸುವಿನ ಪ್ರಾರ್ಥನೆಯ ಬಗ್ಗೆ ಇಬ್ರಿಯರ ಪತ್ರದಲ್ಲಿ (5:7) ಒಂದು ಮಾತಿದೆ, ಅವರು ಬಲವಾಗಿ ಕೂಗುತ್ತಾ ಕಣ್ಣೀರಿನಿಂದ ಪ್ರಾರ್ಥಿಸಿದರು, ಅವರ ಭಯಭಕ್ತಿಯ ನಿಮಿತ್ತ ದೇವರು ಕೇಳಿದರು ಅಂತ. ಮಗನಿಗೇ ಇದು ಇತ್ತು. ನಮಗೆ ಬೇಡ ಅನ್ನಲು ಆಗುತ್ತದಾ?

ಇದನ್ನು ಕಲಿಯುವುದು ಹೇಗೆ

ಭಯಭಕ್ತಿ ಒಂದು ಭಾವನೆ ಅಂತ ಮಾತ್ರ ತಿಳಿದುಕೊಂಡರೆ ಅದನ್ನು ಬೆಳೆಸಲು ದಾರಿಯೇ ಇಲ್ಲ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಧರ್ಮೋಪದೇಶಕಾಂಡ ಮತ್ತೆ ಮತ್ತೆ ಹೇಳುವುದು, ಭಯಪಡಲು "ಕಲಿಯಬೇಕು" ಅಂತ. ಇಸ್ರಾಯೇಲಿಗೆ ರಾಜನಾಗುವವನು ಧರ್ಮಶಾಸ್ತ್ರವನ್ನು ತನಗಾಗಿ ಪ್ರತಿ ಮಾಡಿಕೊಂಡು ಜೀವಮಾನವೆಲ್ಲಾ ಓದಬೇಕು (17:18-20). ಯಾಕೆ? ದೇವರಿಗೆ ಭಯಪಡಲು ಕಲಿಯುವುದಕ್ಕೆ, ತನ್ನ ಸಹೋದರರಿಗಿಂತ ತಾನು ದೊಡ್ಡವನು ಅಂತ ಮನಸ್ಸು ಉಬ್ಬದಿರುವುದಕ್ಕೆ. ಓದುವುದರ ಫಲ ತಲೆ ತುಂಬುವುದಲ್ಲ, ತಲೆ ತಗ್ಗುವುದು. ಸತ್ಯವೇದವನ್ನು ಕೈಯಿಂದ ಬರೆಯುವ ಅಭ್ಯಾಸ ಇಟ್ಟುಕೊಂಡವರು ಇವತ್ತಿಗೂ ಇದ್ದಾರೆ. ದಿನಕ್ಕೆ ನಾಲ್ಕು ವಚನ ಬರೆದರೂ ಓಟದ ಓದು ತಾನಾಗಿಯೇ ನಿಧಾನವಾಗುತ್ತದೆ, ಕಣ್ಣು ಹಾರಿಸಿಕೊಂಡು ಹೋಗುವ ಮಾತು ಕೈಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿ ಬೆಳೆಯ ಹತ್ತರಲ್ಲೊಂದು ಪಾಲನ್ನು ತೆಗೆದುಕೊಂಡು ಹೋಗಿ ದೇವರ ಸನ್ನಿಧಿಯಲ್ಲಿ ಮನೆಮಂದಿಯೆಲ್ಲ ಇಷ್ಟವಾದದ್ದನ್ನು ಕೊಂಡು ಉಂಡು ಸಂತೋಷಪಡಿ, ಹೀಗೆ ದೇವರಿಗೆ ಭಯಪಡಲು ಕಲಿಯಿರಿ ಅಂತ ಇದೆ! ಊಟ ಮಾಡಿ, ನಕ್ಕು, ಭಯ ಕಲಿಯುವುದು. ಮೂರು ವರ್ಷಕ್ಕೊಮ್ಮೆ ಆ ಪಾಲು ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ. ಕೊಟ್ಟವರು ಯಾರು ಅನ್ನುವುದು ನೆನಪಿರುವ ಕಡೆ ಸಂತೋಷವೂ ಭಯವೂ ಜಗಳ ಆಡುವುದಿಲ್ಲ. 34ನೇ ಕೀರ್ತನೆ ಕೂಡ ಪಾಠದ ಧಾಟಿಯಲ್ಲೇ ಇದೆ: ಮಕ್ಕಳೇ ಬನ್ನಿ, ಯೆಹೋವನ ಭಯವನ್ನು ನಿಮಗೆ ಕಲಿಸುತ್ತೇನೆ. ಪಾಠ ಏನು ಅಂತ ಮುಂದಿನ ವಚನಗಳಲ್ಲಿದೆ. ನಾಲಿಗೆಯನ್ನು ಕೆಟ್ಟದ್ದರಿಂದ ಕಾದುಕೋ, ಮೋಸದ ಮಾತು ಬಿಡು, ಒಳ್ಳೆಯದು ಮಾಡು, ಸಮಾಧಾನವನ್ನು ಹುಡುಕು. ಮೈ ಜುಮ್ಮೆನ್ನುವ ಅನುಭವದ ಸುದ್ದಿಯೇ ಇಲ್ಲ.

ಆಕಾಶ ನೋಡುವುದೂ ಒಂದು ದಾರಿ, ಎಂಟನೇ ಕೀರ್ತನೆಯವನು ಮಾಡಿದ್ದು ಅದನ್ನೇ. ಕತ್ತಲಿರುವ ಜಾಗದಲ್ಲಿ ಬರಿಗಣ್ಣಿಗೆ ಮಸುಕಾಗಿ ಕಾಣುವ ಆಂಡ್ರೊಮಿಡಾ ಗ್ಯಾಲಕ್ಸಿಯಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ಬರಲು ಸುಮಾರು 25 ಲಕ್ಷ ವರ್ಷ ತೆಗೆದುಕೊಂಡಿದೆ. ಇದನ್ನು ಉಂಟುಮಾಡಿದವರು ಮನುಷ್ಯನನ್ನು ಯಾಕೆ ನೆನಸಿಕೊಳ್ಳಬೇಕು ಅನ್ನುವುದೇ ಕೀರ್ತನೆಕಾರನ ಪ್ರಶ್ನೆ.

ಕೆಲಸದ ಬಗ್ಗೆ ಒಂದೆರಡು ಮಾತು. ಯಜಮಾನರ ಕಣ್ಣಿಗೆ ಕಾಣುವಾಗ ಮಾತ್ರ ದುಡಿಯಬೇಡಿ, ಕರ್ತನಿಗೆ ಭಯಪಟ್ಟು ಸರಳ ಮನಸ್ಸಿನಿಂದ ದುಡಿಯಿರಿ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದ. ಬೆನೆಡಿಕ್ಟರ ನಿಯಮದ 31ನೇ ಅಧ್ಯಾಯದಲ್ಲಿ ಉಗ್ರಾಣ ನೋಡಿಕೊಳ್ಳುವವನು ಮಠದ ಎಲ್ಲಾ ಪಾತ್ರೆ ಪರಿಕರಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳ ಹಾಗೆ ನೋಡಬೇಕು ಅಂತ ಇದೆ. ಸೌಟೂ ಬುಟ್ಟಿಯೂ ಅದರಲ್ಲಿ ಸೇರಿದವು. 17ನೇ ಶತಮಾನದ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿದ್ದ ಬ್ರದರ್ ಲಾರೆನ್ಸ್‌ಗೆ ಅಡುಗೆಮನೆ ಕೆಲಸ ಸ್ವಭಾವಕ್ಕೇ ಆಗುತ್ತಿರಲಿಲ್ಲ, ಆದರೂ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲೇ ಇರುವುದನ್ನು ಅಲ್ಲೇ ಕಲಿತರು. ಸಂಗೀತಗಾರ ಬಾಖ್ ತನ್ನ ಸಭಾಸಂಗೀತದ ಹಾಳೆಗಳ ಕೊನೆಗೆ ದೇವರಿಗೆ ಮಾತ್ರ ಮಹಿಮೆ ಅನ್ನುವ ಲ್ಯಾಟಿನ್ ಮಾತಿನ ಮೂರು ಅಕ್ಷರ ಬರೆಯುತ್ತಿದ್ದರು. ಕೇಳುವ ಜನಕ್ಕೆ ಆ ಅಕ್ಷರ ಕಾಣಿಸುತ್ತಲೂ ಇರಲಿಲ್ಲ.

ಇದನ್ನೇ ಬೆತ್ತ ಮಾಡಿಕೊಂಡಾಗ

ದೇವರ ಭಯವನ್ನು ಬೇರೆಯವರನ್ನು ಹತೋಟಿಯಲ್ಲಿಡಲು ಬಳಸುವುದೂ ಉಂಟು, ಅದನ್ನು ಹೇಳದೆ ಬಿಟ್ಟರೆ ಲೇಖನ ಪ್ರಾಮಾಣಿಕವಾಗುವುದಿಲ್ಲ. ಮಗು ಹಟ ಮಾಡಿದರೆ "ದೇವರು ಕಣ್ಣು ಕುರುಡು ಮಾಡ್ತಾರೆ" ಅನ್ನುತ್ತಾರೆ. ಮಗು ಆಗ ಕಲಿಯುವುದು ಆದಾಮನ ಭಯವನ್ನು, ಅಡಗಿಕೊಳ್ಳುವ ಭಯವನ್ನು. ದೊಡ್ಡದಾದ ಮೇಲೆ ಆ ದೇವರನ್ನು ಬಿಟ್ಟು ಓಡಿಹೋದರೆ ಅದರ ತಪ್ಪಲ್ಲ. ಸಭೆಯ ನಾಯಕರು ತಮ್ಮ ಲೆಕ್ಕಪತ್ರ ಕೇಳಿದವರಿಗೆ "ಅಭಿಷಿಕ್ತರನ್ನು ಮುಟ್ಟಬೇಡಿ" ಅಂತ ವಚನ ತೋರಿಸುವುದೂ ಇದೇ ಜಾತಿಯದು. ಇಲ್ಲೂ ಯಾಜಕಕಾಂಡದ ಅಳತೆಗೋಲು ಸಾಕು: ದೇವರ ಭಯ ಯಾವಾಗಲೂ ಬಲ ಇರುವವನ ಕೈ ಹಿಡಿದು ನಿಲ್ಲಿಸುತ್ತದೆ, ಬಲ ಇಲ್ಲದವನ ಬಾಯಿ ಮುಚ್ಚಿಸುವುದಿಲ್ಲ. ಸೂಲಗಿತ್ತಿಯರಿಗೆ ದೇವರ ಭಯ ಇದ್ದದ್ದರಿಂದಲೇ ಫರೋಹನ ಭಯ ಕೆಲಸ ಮಾಡಲಿಲ್ಲ. ಯಾವ ಬೋಧನೆ ಕೇಳಿದ ಮೇಲೆ ನಿಮಗೆ ಮನುಷ್ಯರ ಭಯ ಜಾಸ್ತಿಯಾಗುತ್ತದೋ ಅದರ ಹೆಸರು ಏನೇ ಇರಲಿ, ಅದು ಇದಲ್ಲ.

ಇನ್ನೊಂದು ತರಹದವರಿದ್ದಾರೆ, ಅವರಿಗೆ ಯಾರೂ ಬೆತ್ತ ತೋರಿಸಬೇಕಿಲ್ಲ. ಪ್ರಾರ್ಥನೆ ಸರಿಯಾಗಲಿಲ್ಲವೇನೋ, ಪಾಪ ಕ್ಷಮೆಯಾಗಿಲ್ಲವೇನೋ ಅಂತ ತಮ್ಮನ್ನೇ ಕುಟ್ಟಿಕೊಳ್ಳುತ್ತಾರೆ. ಅಥವಾ ಏನೂ ಅನ್ನಿಸುವುದಿಲ್ಲ, ಒಳಗೆಲ್ಲ ಒಣಗಿಹೋಗಿದೆ, ನನಗೆ ದೇವರ ಭಯವೇ ಇಲ್ಲ ಅಂತ ಕೊರಗುತ್ತಾರೆ. ಇಂಥವರು ಓದಬೇಕಾದದ್ದು ಯೋಬ 31. ಆ ಹೊತ್ತಿಗೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನಿಗೆ ದೇವರ ಸನ್ನಿಧಿಯ ಅನುಭವ ಒಂದಿಷ್ಟೂ ಇಲ್ಲ. ಎಷ್ಟು ಕೂಗಿದರೂ ಉತ್ತರ ಬಂದಿಲ್ಲ. ಪುಸ್ತಕದ ಶುರುವಿನಲ್ಲೇ ಸೈತಾನ ಎತ್ತಿದ ಪ್ರಶ್ನೆ, ಯೋಬ ಲಾಭ ಇಲ್ಲದೆ ಸುಮ್ಮನೆ ದೇವರಿಗೆ ಭಯಪಡುತ್ತಾನಾ ಅಂತ. ಯೋಬನಿಗೆ ಆ ಪ್ರಶ್ನೆಯ ವಿಷಯ ಗೊತ್ತೇ ಇಲ್ಲ, ಆದರೂ ಈ ಅಧ್ಯಾಯದಲ್ಲಿ ಉತ್ತರ ಕೊಟ್ಟುಬಿಡುತ್ತಾನೆ. ಅವನು ತನ್ನ ಭಾವನೆಗಳ ಪಟ್ಟಿ ಕೊಡುವುದಿಲ್ಲ. ನನ್ನ ಆಳು ನನ್ನ ಮೇಲೆ ದೂರು ತಂದಾಗ ಕಡೆಗಣಿಸಿದ್ದೇನಾ ಅಂತ ಕೇಳುತ್ತಾನೆ, ನನ್ನನ್ನು ಗರ್ಭದಲ್ಲಿ ಉಂಟುಮಾಡಿದವರೇ ಅವನನ್ನೂ ಉಂಟುಮಾಡಿದರಲ್ಲವೇ ಅನ್ನುತ್ತಾನೆ. ಅನಾಥನಿಗೆ ಕೊಡದೆ ಒಬ್ಬನೇ ಉಂಡಿದ್ದೇನಾ, ಬಟ್ಟೆ ಇಲ್ಲದವನನ್ನು ಕಂಡೂ ಸುಮ್ಮನಿದ್ದೆನಾ, ಹಗೆಯವನು ಹಾಳಾದಾಗ ಹಿಗ್ಗಿದ್ದೇನಾ. ಕೊನೆಗೆ ತನ್ನ ಹೊಲಕ್ಕೆ ಬರುತ್ತಾನೆ. ಕ್ರಯ ಕೊಡದೆ ಅದರ ಫಲವನ್ನು ತಿಂದಿದ್ದರೆ ಗೋಧಿಯ ಬದಲು ಅಲ್ಲಿ ಮುಳ್ಳು ಬೆಳೆಯಲಿ ಅನ್ನುತ್ತಾನೆ. ಯೋಬನ ಮಾತುಗಳು ಇಲ್ಲಿಗೆ ಮುಗಿದವು ಅಂತ ಅಧ್ಯಾಯ ನಿಲ್ಲುತ್ತದೆ.